ಅಡಿಕೆ ಮರದಿಂದ ಬಿದ್ದವರ ಲೆಕ್ಕ ಇಡೋರು ಯಾರು?

2025ರ ಜೂನ್‌ನಲ್ಲಿ ಹಾಸನದ ಹೃದಯಾಘಾತಗಳು ಸುದ್ದಿಯಾದಾಗ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಸತ್ತವರ ವಯಸ್ಸೆಷ್ಟು, ಕಾರಣವೇನು ಅಂತ ಹುಡುಕಿದರು. ಒಳ್ಳೇದೇ. ಆದರೆ ನಮ್ಮ ಹುಂಚದ ಕಡೆ ಎದೆಗೆ ಪೆಟ್ಟು ಬೀಳುವ ಇನ್ನೊಂದು ದಾರಿಯಿದೆ. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯಲು ಮಳೆಗಾಲದಲ್ಲೇ ಮರ ಹತ್ತಬೇಕು, ಆಗ ಮರ ಪಾಚಿ ಕಟ್ಟಿ ಜಾರುತ್ತಿರುತ್ತದೆ. ಕಾರ್ಬನ್ ಫೈಬರ್ ದೋಟಿ ಬಂದಿದೆ ನಿಜ, ಆದರೆ ಎಲ್ಲ ತೋಟಕ್ಕೂ ಬಂದಿಲ್ಲ.

ಬಿದ್ದವರಿಗೆ ಏನಾಗುತ್ತೆ? ಪಕ್ಕೆಲುಬು ಮುರಿದು, ಶ್ವಾಸಕೋಶದ ಸುತ್ತ ರಕ್ತ, ಗಾಳಿ ತುಂಬಿಕೊಳ್ಳುತ್ತದೆ. ಎದೆಯ ಗಾಯಗಳಲ್ಲಿ ಹೆಚ್ಚಿನವಕ್ಕೆ ಎದೆ ತೆರೆಯುವ ಆಪರೇಷನ್ ಬೇಕಿಲ್ಲ, ಪಕ್ಕೆಲುಬುಗಳ ನಡುವೆ ಒಂದು ಟ್ಯೂಬ್ ಹಾಕಿದರೆ ಸಾಕು. ತಾಲೂಕು ಆಸ್ಪತ್ರೆಯಲ್ಲೇ ಆಗಬಹುದಾದ ಕೆಲಸ. ಕಾಲಿನದು ಬೇರೆ ಕಥೆ. ಮಂಡಿ ಸರಿದು ಅದರ ಹಿಂದಿನ ರಕ್ತನಾಳ ಹರಿದರೆ ಸುಮಾರು 6 ಗಂಟೆಯೊಳಗೆ ರಕ್ತ ಮತ್ತೆ ಹರಿಯಬೇಕು, ತಡವಾದಷ್ಟೂ ಕಾಲು ಕತ್ತರಿಸುವ ಸಾಧ್ಯತೆ ಹೆಚ್ಚು. ಹುಂಚದಿಂದ ಹೊಸನಗರ, ಅಲ್ಲಿಂದ ಶಿವಮೊಗ್ಗ. ಅಲ್ಲೂ 'ಮಣಿಪಾಲಕ್ಕೆ ಹೋಗಿ' ಅಂದರೆ ಘಾಟಿ ಇಳಿಯಬೇಕು. 6 ಗಂಟೆ ಎಲ್ಲಿ ಹೋಯ್ತು ಅಂತ ನೀವೇ ಲೆಕ್ಕ ಹಾಕಿ.

ಈ ಶಸ್ತ್ರಚಿಕಿತ್ಸೆ ಬೆಳೆದದ್ದೇ ಲೆಕ್ಕದಿಂದ. ಎರಡನೇ ಮಹಾಯುದ್ಧದ ಅಮೆರಿಕನ್ ಸೈನಿಕರ 2,471 ರಕ್ತನಾಳ ಗಾಯಗಳನ್ನು ಡಿಬೇಕಿ ಮತ್ತು ಸಿಮಿಯೋನ್ ಒಟ್ಟುಗೂಡಿಸಿ 1946ರಲ್ಲಿ ಪ್ರಕಟಿಸಿದರು. ಆಗ ಹರಿದ ನಾಳವನ್ನು ಕಟ್ಟಿಬಿಡುವುದೇ ರೂಢಿ. ಹಾಗೆ ಕಟ್ಟಿದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರ ಕೈಕಾಲು ಹೋಗಿತ್ತು. ಕೊರಿಯಾ ಯುದ್ಧದಲ್ಲಿ ನಾಳ ಹೊಲಿಯಲು ಶುರು ಮಾಡಿದರು, ಗಾಯಾಳುಗಳನ್ನು ಹೆಲಿಕಾಪ್ಟರ್‌ನಲ್ಲಿ ಬೇಗ ಸಾಗಿಸಿದರು. ಪ್ರಮಾಣ ಶೇ. 13ರ ಆಸುಪಾಸಿಗೆ ಇಳಿಯಿತು. ಸೈನ್ಯಕ್ಕೆ ತನ್ನ ಸೈನಿಕನ ಕಾಲು ಬೇಕಿತ್ತು, ಅದಕ್ಕೇ ಎಣಿಸಿತು. ಕೊನೆ ಕೊಯ್ಯುವವನ ಕಾಲು ಯಾರಿಗೆ ಬೇಕು?

ಕಾರ್ಖಾನೆಯಲ್ಲಿ ಅಪಘಾತವಾದರೆ ಸರ್ಕಾರಕ್ಕೆ ವರದಿ ಮಾಡಬೇಕು ಅಂತ ಕಾನೂನಿದೆ. ತೋಟ ಕಾರ್ಖಾನೆ ಅಲ್ಲ, ದಿನಗೂಲಿಯವನ ಹೆಸರು ಯಾವ ರಿಜಿಸ್ಟರಿನಲ್ಲೂ ಇರಲ್ಲ. ಇನ್ನು ಆಸ್ಪತ್ರೆ ದಾಖಲೆ. 'ಪಕ್ಕೆಲುಬು ಮುರಿತ' ಅಂತಷ್ಟೇ ಬರೆದರೆ ಮರ ಮಾಯ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಮರದಿಂದ ಬೀಳುವುದಕ್ಕೇ ಪ್ರತ್ಯೇಕ ಸಂಕೇತವಿದೆ, ಡಬ್ಲ್ಯೂ14. ಅದನ್ನು ಬರೆಯಲು ಖರ್ಚೇನೂ ಇಲ್ಲ.

ನನ್ನ ಪ್ರಕಾರ ಸಂಶೋಧನೆ ಅಂದರೆ ಬೆಂಗಳೂರಿನ ದೊಡ್ಡ ಕಟ್ಟಡವೇ ಆಗಬೇಕಿಲ್ಲ. ಎಂ.ಎಸ್. ಓದುವ ಪ್ರತಿ ಡಾಕ್ಟರೂ ಥೀಸಿಸ್ ಬರೆಯಲೇಬೇಕು. ಮಲೆನಾಡಿನ ಯಾರಾದರೂ ಇಬ್ಬರು ವಿದ್ಯಾರ್ಥಿಗಳು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಮೇಲೆ ಬರೆಯಲಿ: ಬಿದ್ದವರು ಎಷ್ಟು ಜನ, ಎಷ್ಟು ಹೊತ್ತಿಗೆ ಟ್ಯೂಬ್ ಬಿತ್ತು, ಪಾದದ ನಾಡಿ ಮೊದಲು ಮುಟ್ಟಿ ನೋಡಿದ್ದು ಎಲ್ಲಿ. 'ಹೃದಯ ಜ್ಯೋತಿ' ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ಓದುತ್ತಾರೆ, ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುತ್ತೆ. ನಾಡಿ ಸಿಗದ ಕಾಲಿನ ಬಗ್ಗೆಯೂ ಅದೇ ಥರ ಒಂದು ಕರೆ ಹೋಗುವ ವ್ಯವಸ್ಥೆ ಯಾಕಾಗಬಾರದು? ನಮ್ಮ ಮೂರು ತಾಲೂಕುಗಳ ಶಾಸಕರನ್ನು ಬೋರ್ಡೋ ಸೀಸನ್ ಶುರುವಾಗುವ ಮೊದಲೇ ಇದನ್ನು ಕೇಳಬೇಕು. ಅಡಿಕೆ ರೇಟಿನ ಬಗ್ಗೆ ಮಾತಾಡಲು ಅವರು ಯಾವಾಗಲೂ ಸಿಗುತ್ತಾರೆ.