ಪ್ರೇಮನಾಟಕಗಳಲ್ಲಿ ಮಾಯೆಯ ಸ್ಥಾನ

ನಮ್ಮ ವಿದ್ಯಾವಂತರಲ್ಲಿ ಒಂದು ಮತವು ದಿನೇ ದಿನೇ ಬಲಿಯುತ್ತಲಿರುವದು. ಪ್ರೇಮಕಥೆಯ ನಾಟಕಗಳೊಳಗಿಂದ ಶಾಪ, ವರ, ಮಂತ್ರ, ಮದ್ದು ಮೊದಲಾದ ಅದ್ಭುತಾಂಶಗಳನ್ನೆಲ್ಲ ಕಿತ್ತುಹಾಕಬೇಕು, ಇಲ್ಲವಾದರೆ ಅವು ಜನರಲ್ಲಿ ಮೌಢ್ಯವನ್ನು ಬೆಳೆಸುವವು ಎಂದು ಈ ಮಹನೀಯರು ಹೇಳುವರು. ಅವರ ಕಳವಳವು ನಿಷ್ಕಾರಣವಾದದ್ದಲ್ಲ. ಬಸ್ ನಿಲ್ದಾಣದ ಗೋಡೆಗಳ ಮೇಲೆಯೂ ಕೈಯೊಳಗಿನ ಮೊಬೈಲಿನಲ್ಲಿಯೂ ಸ್ತ್ರೀಪುರುಷ ವಶೀಕರಣದ ಜಾಹೀರಾತುಗಳು ಇಂದಿಗೂ ಕಾಣುತ್ತಿರುವವು. ಅಮಾನವೀಯ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವದಕ್ಕಾಗಿ 2017ರಲ್ಲಿ ಕರ್ನಾಟಕದ ಶಾಸನಸಭೆಯು ಕಾಯಿದೆಯನ್ನೇ ಮಾಡಬೇಕಾಯಿತು. ರೋಗವು ನಿಜವಾದದ್ದು, ಆದರೆ ಇವರು ಔಷಧದ ಬಟ್ಟಲನ್ನೇ ವಿಷವೆಂದು ಚೆಲ್ಲಲು ಹೊರಟಿರುವರೆಂಬದು ನಮ್ಮ ಆಕ್ಷೇಪ.

ಒಳ್ಳೆಯ ಪ್ರೇಮನಾಟಕದಲ್ಲಿ ಮಾಯೆಯು ಮಾಡುವ ಕೆಲಸವಾದರೂ ಏನು? ಅದು ಎಲ್ಲಿಯಾದರೂ ಒಲ್ಲದವರನ್ನು ಒಲಿಸಿಕೊಟ್ಟಿರುವದೋ? ಇದನ್ನು ವಿಚಾರಿಸದೆ ತೀರ್ಪು ಕೊಡುವದು ನ್ಯಾಯವಲ್ಲ.

ಮೊದಲು ಶಾಕುಂತಲವನ್ನೇ ತೆಗೆದುಕೊಳ್ಳುವಾ. ಮಹಾಭಾರತದ ಮೂಲಕಥೆಯಲ್ಲಿ ದುರ್ವಾಸರ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿ ರಾಜನು ಎಲ್ಲವನ್ನೂ ಬಲ್ಲವನಾಗಿಯೂ ಲೋಕಾಪವಾದಕ್ಕೆ ಅಂಜಿ ಅರಿಯದವನಂತೆ ನಟಿಸುವನು. ಈ ಎರಡೂ ಅದ್ಭುತಗಳನ್ನು ಸೇರಿಸಿದವನು ಕಾಳಿದಾಸನು. ಸೇರಿಸಿ ಏನು ಮಾಡಿದನು? ಆಶ್ರಮದಲ್ಲಿ ಅನುರಾಗವು ಯಾವ ಮಂತ್ರದ ನೆರವೂ ಇಲ್ಲದೆ ಅಂಕುರಿಸಿತು. ಶಾಪವು ಅದಕ್ಕೆ ಅಡ್ಡವಾಗಿ ನಿಂತಿತು. ಮೀನಿನ ಹೊಟ್ಟೆಯೊಳಗಿಂದ ಉಂಗುರವು ಸಿಕ್ಕಾಗ ರಾಜನಿಗೆ ನೆನಪು ಬಂದಿತೇ ಹೊರತು ಶಕುಂತಲೆಯು ಬರಲಿಲ್ಲ. ಆತನು ಪಶ್ಚಾತ್ತಾಪದಲ್ಲಿ ಬೇಯಬೇಕಾಯಿತು. ಮಗನು ಸಿಂಹದ ಮರಿಯೊಡನೆ ಆಡುವಷ್ಟು ದೊಡ್ಡವನಾಗುವ ತನಕ ಕಾಯಬೇಕಾಯಿತು. ಶಾಪವನ್ನು ತೆಗೆದುಬಿಟ್ಟರೆ ಉಳಿಯುವದು ಒಬ್ಬ ಹೇಡಿಯ ಕಥೆ, ಪ್ರೇಮದ ಪರೀಕ್ಷೆಯಲ್ಲ.

ಕಾಳಿದಾಸನು ದೂರದವನೆನ್ನುವವರು ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯನ್ನೇ ನೋಡಲಿ. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಆಟದ ರೂಪಕ್ಕೆ ತಂದು ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಇಂದು ಮೂಡಲಗಿ ತಾಲೂಕಿಗೆ ಸೇರಿರುವದು. ಅದೇ ಪಾರಿಜಾತದಿಂದ ಕೌಜಲಗಿ ನಿಂಗಮ್ಮನ ಹೆಸರು ನಾಡೆಲ್ಲ ಹಬ್ಬಿತು. ಈ ಆಟದ ಮಾಯೆಯು ಒಂದೇ ಹೂವು. ನಾರದನು ಅದನ್ನು ತರುವನು, ಕೃಷ್ಣನು ರುಕ್ಮಿಣಿಗೆ ಕೊಡುವನು, ಸತ್ಯಭಾಮೆಯು ಮುನಿಯುವಳು. ದೇವಲೋಕದ ಹೂವು ಮನೆಗೆ ತಂದದ್ದು ಒಲುಮೆಯನ್ನಲ್ಲ, ಜಗಳವನ್ನು! ಜಗನ್ನಾಟಕ ಸೂತ್ರಧಾರಿಯೆನಿಸಿಕೊಂಡವನೂ ಮುನಿದ ಹೆಂಡತಿಯ ಮುಂದೆ ನಯವಾದ ಮಾತಿಗೇ ಶರಣಾಗಬೇಕಾಗುವದು. ರಾತ್ರಿಯೆಲ್ಲ ಕುಳಿತು ಇದನ್ನು ನೋಡಿದ ಒಕ್ಕಲಿಗನು ಬೆಳಗಿಗೆ ವಶೀಕರಣದವನ ಮನೆಯನ್ನು ಹುಡುಕುವನೆಂದು ಹೇಳುವದು ಆತನ ಬುದ್ಧಿಗೆ ಮಾಡಿದ ಅಪಮಾನವೇ ಸರಿ.

ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರ ಜೋಕುಮಾರಸ್ವಾಮಿಯನ್ನು ನೋಡಿರಿ. ಮಕ್ಕಳಿಲ್ಲದ ಗೌಡತಿಯು ಜೋಕುಮಾರನೆಂದು ನಂಬಿದ ಪಡುವಲಕಾಯಿಯನ್ನು ಅಡಿಗೆ ಮಾಡಿ ಗಂಡನಿಗಾಗಿ ಒಯ್ಯುವಳು. ಅದನ್ನುಂಡವನು ಹೊಲದಲ್ಲಿದ್ದ ಬಸಣ್ಣನು. ಯಾರನ್ನು ವಶಮಾಡಬೇಕೆಂದು ಮದ್ದು ಸಿದ್ಧವಾಯಿತೋ ಆತನಿಗೆ ಅದು ಮುಟ್ಟಲೇ ಇಲ್ಲ. ಗಿರೀಶ ಕಾರ್ನಾಡರ ನಾಗಮಂಡಲದಲ್ಲಿಯೂ ಇದೇ ಪ್ರಕಾರ. ಗಂಡನನ್ನು ಒಲಿಸಲೆಂದು ಬೆರೆಸಿದ ಬೇರಿನಿಂದ ಸಾರು ಕೆಂಪಾಗಲು ರಾಣಿಯು ಹೆದರಿ ಅದನ್ನು ಹುತ್ತಕ್ಕೆ ಸುರಿಯುವಳು, ಮರುಳಾಗುವದು ನಾಗ. ಗಂಡನು ಕೊನೆಗೆ ತಲೆಬಾಗಿದ್ದು ಬೇರಿನ ಬಲಕ್ಕಲ್ಲ. ನಾಗದಿವ್ಯದಲ್ಲಿ ಆಕೆಯಾಡಿದ ಸತ್ಯವಚನಕ್ಕೆ. ಪ್ರೇಮದ ಮದ್ದನ್ನೇ ನಡುವಿಟ್ಟು ಕಟ್ಟಿದ ಈ ಎರಡು ನಾಟಕಗಳೂ ಮದ್ದು ಗುರಿ ತಪ್ಪುವದೆಂದೇ ಹೇಳುತ್ತಿರಲು, ಇವುಗಳಲ್ಲಿ ಮೌಢ್ಯದ ಉಪದೇಶವು ಎಲ್ಲಿರುವದು?

“ಉಷೆಯ ಕಥೆಯಲ್ಲಿ ಚಿತ್ರಲೇಖೆಯು ಮಲಗಿದ್ದ ಅನಿರುದ್ಧನನ್ನು ದ್ವಾರಕೆಯಿಂದ ಹೊತ್ತುತರಲಿಲ್ಲವೇ?” ಎಂದು ಕೇಳುವವರುಂಟು. ತಂದಳು, ನಿಜ. ಆದರೆ ಉಷೆಯ ಅನುರಾಗವು ಅದಕ್ಕೂ ಮುಂಚೆ ಕನಸಿನಲ್ಲಿಯೇ ಹುಟ್ಟಿತ್ತು. ಚಿತ್ರಲೇಖೆಯ ವಿದ್ಯೆಯು ದಾರಿಯನ್ನು ದಾಟಿಸಿತು, ಮನಸ್ಸನ್ನು ತಿರುಗಿಸಲಿಲ್ಲ. ಮುಂದೆ ಬಾಣಾಸುರನ ಸೆರೆಯೊಳಗೆ ಬಿದ್ದು ಆ ಪ್ರೇಮವು ತನ್ನ ಬೆಲೆಯನ್ನು ತೆರಲೇಬೇಕಾಯಿತು. ಶೇಕ್ಸ್‌ಪಿಯರನ ಟೆಂಪೆಸ್ಟಿನಲ್ಲಿ, 1930ರಲ್ಲಿ ಕುವೆಂಪು ಅವರು ಬಿರುಗಾಳಿಯೆಂದು ಕನ್ನಡಕ್ಕೆ ಅಳವಡಿಸಿಕೊಂಡ ನಾಟಕದಲ್ಲಿ, ಸಮುದ್ರವನ್ನೇ ಕೆರಳಿಸಬಲ್ಲ ಮಾಂತ್ರಿಕನು ಮಗಳನ್ನು ಬಯಸಿದ ರಾಜಕುಮಾರನಿಗೆ ಕಟ್ಟಿಗೆ ಹೊರುವ ಕೆಲಸ ಕೊಡುವನು. ಎರಡು ನಾಡುಗಳ ಕವಿಗಳಿಗೂ ಹೊಳೆದ ಮಾತು ಒಂದೇ ಆಗಿರುವದು.

ಇನ್ನು ಕಣ್ಣು ಕೋರೈಸುವ ದೀಪ, ಹೊಗೆ, ಯಂತ್ರಗಳಿಂದಲೇ ಅದ್ಭುತವನ್ನು ತೋರಿಸಿ ಪ್ರೇಮವನ್ನು ಮರೆಯುವವರಿಗೂ ಈ ಮಾತು ಸಲ್ಲುವದು. ಅವರ ಮಾಯೆಯು ಯಾರ ಮನಸ್ಸನ್ನೂ ಪರೀಕ್ಷಿಸುವದಿಲ್ಲ. ಆದಕಾರಣ ಅದು ಗಾರುಡಿ ವಿದ್ಯೆಯಾಗುವದೇ ಹೊರತು ನಾಟಕವಾಗುವದಿಲ್ಲ.

ವಂಚಕನು ಮಾರುವದು “ದುಡ್ಡು ಕೊಡು, ಒಲುಮೆ ಸಿಕ್ಕುವದು” ಎಂಬ ಸುಳ್ಳನ್ನು. ಆ ಸುಳ್ಳನ್ನು ಕಾಯಿದೆಯು ದಂಡಿಸಬಹುದು. ಜನರ ಮನಸ್ಸಿನಿಂದ ಕೀಳಬಲ್ಲದ್ದು ಕಥೆ. ಮದ್ದು, ಹೂವು, ಉಂಗುರಗಳನ್ನು ತೆಗೆದ ಮೇಲೆ ಆ ಕಥೆಯು ಯಾವ ಬಾಯಿಂದ ಮಾತಾಡೀತು? ಆದುದರಿಂದ ಸುಧಾರಕ ಮಹಾಶಯರಲ್ಲಿ ನಮ್ಮ ವಿನಂತಿ: ಕತ್ತರಿ ಹಿಡಿಯುವ ಮೊದಲು ಒಂದು ಆಟವನ್ನು ಪೂರ್ತಿಯಾಗಿ ನೋಡಿರಿ. ಮನೆಮನೆಯ ವಾಚಕರಲ್ಲಿ ಇನ್ನೊಂದು ವಿನಂತಿ: ಜಾತ್ರೆಯಲ್ಲಿ ಪಾರಿಜಾತದ ಆಟವಿದ್ದಾಗ ಗಂಡುಮಕ್ಕಳೊಡನೆ ಹೆಣ್ಣುಮಕ್ಕಳನ್ನೂ ಕರೆದೊಯ್ಯಿರಿ. ಆ ಹೂವಿನಿಂದ ಯಾರಿಗೆ ಏನು ದೊರೆಯಿತೆಂದು ಮರುದಿನ ಅವರನ್ನು ಕೇಳಿರಿ. ಅವರ ಉತ್ತರವು ನಮ್ಮ ಈ ಲೇಖನಕ್ಕಿಂತ ಸ್ಪಷ್ಟವಾಗಿರುವದೆಂದು ನಾವು ನಂಬಿರುವೆವು.