ಒಂದು ಅಂಕದ ಬಾಕಿ

ಕಳೆದ ವಾರ ನನ್ನ ಅಣ್ಣನ ಮೊಮ್ಮಗಳು ಮನೆಗೆ ಬಂದಿದ್ದಳು. ಒಂಬತ್ತನೆಯ ತರಗತಿಯ ಹುಡುಗಿ. ಇಂಗ್ಲಿಷ್ ಪರೀಕ್ಷೆಗಾಗಿ ನಲವತ್ತು ಸಾಹಿತ್ಯ ಪರಿಭಾಷೆಗಳ ಪಟ್ಟಿಯೊಂದನ್ನು ಉರು ಹೊಡೆಯುತ್ತಿದ್ದಳು. ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್, ಅಲಿಟರೇಶನ್... ‘ಲೈಕ್’ ಅಥವಾ ‘ಆ್ಯಸ್’ ಬಂದರೆ ಸಿಮಿಲಿ, ಬಾರದಿದ್ದರೆ ಮೆಟಫರ್ ಎಂಬುದು ಅವಳ ಸೂತ್ರ. ‘ತಂಗಿ ಅಕ್ಕನಂತೆಯೇ ಎತ್ತರವಾಗಿದ್ದಾಳೆ’ ಎಂಬ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ, ಇದೇನಮ್ಮ ಎಂದೆ. “ಸಿಮಿಲಿ, ತಾತ” ಎಂದಳು, ಒಂದು ಕ್ಷಣವೂ ಯೋಚಿಸದೆ.

ಗವಯವೆಂಬ ಕಾಡುಮೃಗ ಹಸುವಿನಂತಿದೆ ಎಂದರೆ ಅದು ಬರಿಯ ತಿಳಿವಳಿಕೆಯ ಮಾತು, ಉಪಮಾಲಂಕಾರವಲ್ಲ ಎಂದು ನಮ್ಮ ಆಲಂಕಾರಿಕರು ಎಂದೋ ಹೇಳಿದ್ದಾರೆ. ಹೋಲಿಕೆಯಲ್ಲಿ ಚೆಲುವಿರಬೇಕು. ಇದನ್ನು ಅವಳು ಅರಿಯದವಳೇನೂ ಅಲ್ಲ. ಕನ್ನಡದ ಪೀರಿಯಡ್ಡಿನಲ್ಲಿ ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ನಾಲ್ಕನ್ನೂ ಬಿಡಿಸಿ ಬರೆಯಬಲ್ಲಳು. ಆದರೆ ಗಂಟೆ ಬಾರಿಸಿ ಇಂಗ್ಲಿಷ್ ಮೇಷ್ಟರು ಒಳಗೆ ಬಂದರೆಂದರೆ ಆ ತಿಳಿವಳಿಕೆಯೆಲ್ಲ ಕನ್ನಡ ಪುಸ್ತಕದೊಡನೆ ಚೀಲ ಸೇರಿಬಿಡುತ್ತದೆ. ಇದು ಮಕ್ಕಳ ತಪ್ಪಲ್ಲ, ನಮ್ಮದು ಎಂಬುದೇ ನನ್ನ ವಾದ.

ಎರಡು ಪ್ರಶ್ನೆಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಕನ್ನಡದಲ್ಲಿ ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು, ಸಮನ್ವಯಗೊಳಿಸಬೇಕು. ಇಂಗ್ಲಿಷಿನಲ್ಲಿ, ನಾನು ಪಾಠ ಹೇಳಿದ ಕಾಲವೆಲ್ಲ, ಹೆಸರು ಬರೆದರೆ ಸಾಕಿತ್ತು. ಒಂದು ಪದ, ಒಂದು ಅಂಕ. ಸಮನ್ವಯವಿಲ್ಲದ ಹೆಸರು ಬರಿಯ ಚೀಟಿ. ಆ ಚೀಟಿಯನ್ನು ಅಂಟಿಸುವುದನ್ನೇ ನಾವು ಸಾಹಿತ್ಯದ ಪಾಠವೆಂದುಕೊಂಡೆವು.

ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್ 1936ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ರೂಪಕದ ಎರಡು ಭಾಗಗಳಿಗೆ ‘ಟೆನರ್’, ‘ವೆಹಿಕಲ್’ ಎಂದು ಹೆಸರಿಟ್ಟ. ಬಿ.ಎಡ್. ಮುಗಿಸಿ ಬಂದ ಹೊಸತರಲ್ಲಿ ಅದನ್ನೋದಿ ನಾನು ಬೆರಗಾಗಿದ್ದೆ! ಅವು ಹೆಚ್ಚುಕಡಿಮೆ ನಮ್ಮ ಉಪಮೇಯ, ಉಪಮಾನಗಳೇ ಎಂದು ಹೊಳೆಯಲು ನನಗೆ ವರ್ಷಗಳೇ ಹಿಡಿದವು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ದಂಡಿಯನ್ನು ಅನುಸರಿಸಿ ಅರ್ಥಾಲಂಕಾರಗಳಿಗೆ ಒಂದು ಪರಿಚ್ಛೇದವನ್ನೇ ಮೀಸಲಿಟ್ಟಿದೆ. ಹಾಗೆಂದು ಎಲ್ಲವೂ ನಮ್ಮಲ್ಲೇ ಇತ್ತೆಂದು ಬೀಗುವವನಲ್ಲ ನಾನು. ಪರ್ಸಾನಿಫಿಕೇಶನ್ನಿಗೆ ಸರಿಸಮನಾದ ಒಂದೇ ಅಲಂಕಾರವನ್ನು ತೋರಿಸುವುದು ಕಷ್ಟ. ಆನಮಟಪೀಯ ಎಂದು ಅವರು ಕರೆಯುವ ಚಟಪಟ, ದಬದಬಗಳನ್ನು ನಾವು ಅಲಂಕಾರದಲ್ಲಲ್ಲ, ವ್ಯಾಕರಣದಲ್ಲಿ ಅನುಕರಣಾವ್ಯಯವೆಂದು ಕಲಿಸುತ್ತೇವೆ. ಇಂಥ ವ್ಯತ್ಯಾಸಗಳನ್ನು ಮಕ್ಕಳ ಮುಂದಿಟ್ಟರೆ ತರಗತಿ ಎಷ್ಟು ಜೀವಂತವಾದೀತು!

ಇಷ್ಟೆಲ್ಲ ಹೇಳುವ ನಾನೇ ಮಾಡಿದ್ದೇನು? ಒಂದು ಅರ್ಧವಾರ್ಷಿಕ ಪರೀಕ್ಷೆಯಲ್ಲಿ, ವರ್ಡ್ಸ್‌ವರ್ತ್ ಕವಿ ಒಂಟಿಯಾಗಿ ಅಲೆಯುವ ತನ್ನನ್ನು ಮೋಡಕ್ಕೆ ಹೋಲಿಸಿಕೊಂಡ ಸಾಲನ್ನು ಕೊಟ್ಟು, ಅಲಂಕಾರ ಯಾವುದೆಂದು ಕೇಳಿದ್ದೆ. ಹಿಂದಿನ ಬೆಂಚಿನ ರೈತರ ಮಗನೊಬ್ಬ ಇಂಗ್ಲಿಷ್ ಅಕ್ಷರಗಳಲ್ಲಿ ‘ಉಪಮೆ’ ಎಂದು ಬರೆದಿದ್ದ. ಅದರ ಕೆಳಗೆ, ಕೇಳದೆಯೇ, ತನ್ನ ಮುರುಕು ಇಂಗ್ಲಿಷಿನಲ್ಲಿ ಎರಡು ಸಾಲು: ಮಳೆ ಸುರಿಸಿ ಮುಗಿಸಿದ ಮೋಡಕ್ಕೆ ಕೆಲಸವಿಲ್ಲ, ಈ ಮನುಷ್ಯನಿಗೂ ಕೆಲಸವಿಲ್ಲ, ಅದಕ್ಕೇ ಇಬ್ಬರೂ ಸುಮ್ಮನೆ ತಿರುಗುತ್ತಾರೆ. ಡ್ಯಾಫೊಡಿಲ್ ಹೂವನ್ನು ಅವನೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಮೋಡವನ್ನು ಮಾತ್ರ ಅವನು ಬಲ್ಲವನಾಗಿದ್ದ. ನಾನು ಕೆಂಪು ಶಾಯಿಯಿಂದ ಸೊನ್ನೆ ಸುತ್ತಿದೆ. ಪಕ್ಕದಲ್ಲಿ ‘ಸಿಮಿಲಿ’ ಎಂದು ಬರೆದು, ಕಾಗುಣಿತ ಕಲಿ ಎಂಬ ಉಪದೇಶವನ್ನೂ ಸೇರಿಸಿದೆ.

ಉತ್ತರಪತ್ರಿಕೆ ಹಿಂದಿರುಗಿಸಿದಾಗ ಅವನೇನೂ ಕೇಳಲಿಲ್ಲ, ಮಡಿಸಿ ಜೇಬಿಗಿಟ್ಟುಕೊಂಡ. ಮುಂದಿನ ಪರೀಕ್ಷೆಯಲ್ಲಿ ‘ಸಿಮಿಲಿ’ ಎಂದು ಸರಿಯಾಗಿಯೇ ಬರೆದಿದ್ದ. ಕೆಳಗಿನ ಆ ಎರಡು ಸಾಲುಗಳು ಮತ್ತೆ ಬರಲಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಆತ ಯಾರೆಂದು ನೆನಪಾದರೆ, ಮೇಷ್ಟರು ಒಂದು ಅಂಕ ಬಾಕಿ ಉಳಿಸಿಕೊಂಡಿದ್ದಾರೆಂದು ದಯವಿಟ್ಟು ತಿಳಿಸಿ.