‘ಎರಡು ಗಂಟೆಯಿಂದ’ ಎಂದರೆ ಎಷ್ಟು ಹೊತ್ತು?

ಗಾಂಧಿ ಬಜಾರಿನ ಅಂಗಡಿ ಮುಂದೆ ಯಾರಾದರೂ ‘ಎರಡು ಗಂಟೆಯಿಂದ ಕಾಯ್ತಿದ್ದೀನಿ’ ಎಂದರೆ ಎರಡು ಅರ್ಥ: ಎರಡು ಗಂಟೆಗೆ ಬಂದೆ, ಅಥವಾ ಬಂದು ಎರಡು ಗಂಟೆ ಹೊತ್ತಾಯಿತು. ಕನ್ನಡದ ‘ಇಂದ’ ಎರಡಕ್ಕೂ ಸಾಕು. ಇಂಗ್ಲಿಷಿನಲ್ಲಿ ಆರಂಭದ ಸಮಯಕ್ಕೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’.

ಬೋಧನಾಭ್ಯಾಸದ ವಿಜ್ಞಾನ ತರಗತಿಯಲ್ಲಿ ‘ವಾಟರ್ ಈಸ್ ಬಾಯ್ಲಿಂಗ್ ಸಿನ್ಸ್ ಟೆನ್ ಮಿನಿಟ್ಸ್’ ಎಂದ ಹುಡುಗನನ್ನು ‘ತಪ್ಪು’ ಎಂದು ಕೂರಿಸಿದೆ. ಪಾಠ ಮುಗಿಯುವವರೆಗೆ ಅವನು ಮತ್ತೆ ಕೈ ಎತ್ತಲಿಲ್ಲ. ಅವನ ವೀಕ್ಷಣೆ ಸರಿಯಿತ್ತು. ತಪ್ಪಿದ ಪದವೂ ಕನ್ನಡದ ಲೆಕ್ಕದಲ್ಲಿ ಸರಿಯೇ.

ಆದ್ದರಿಂದ ವಿಜ್ಞಾನ ಬೋಧಿಸುವ ನಾವೂ ಮೊದಲು ಉತ್ತರವನ್ನು ಒಪ್ಪಿ, ‘ಇಂದ’ದ ಎರಡು ಅರ್ಥಗಳನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ, ಆಮೇಲೆ ಇಂಗ್ಲಿಷ್ ತಿದ್ದಬೇಕು. ಗಡಿಯಾರ ತೋರಿಸುವ ಸಮಯ ಬೇರೆ, ಕಳೆದ ಅವಧಿ ಬೇರೆ ಎಂಬುದು ನಮ್ಮ ವಿಷಯದ್ದೇ ಪಾಠ.